ಪೂರ್ವಕ್ಕೆ ಬಾವಿ ರಸ್ತೆ

ನನ್ನ ಹೆಸರು ಫಕ್ಕೀರಪ್ಪ. ಗುತ್ತಲದ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು. ಈಗ ಎಂಟು ವರ್ಷದಿಂದ ರಾಣೆಬೆನ್ನೂರಿನ ಒಂದು ಜಾಹೀರಾತು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೇನೆ. ಪತ್ರಿಕೆ ಎಂದರೆ ಸುದ್ದಿಗಿದ್ದಿ ಏನೂ ಇಲ್ಲ. ಎಂಟು ಪುಟ, ಎಂಟರಲ್ಲೂ ಮನೆ, ಪ್ಲಾಟು, ಹೊಲ, ಮಳಿಗೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರಿನ ಚಹಾದಂಗಡಿಗಳಲ್ಲಿ ಸೋಮವಾರ ಬೆಳಗ್ಗೆ ಬಿದ್ದಿರುತ್ತದೆ. ಮಂಗಳವಾರ ಅದರಲ್ಲೇ ಮಿರ್ಚಿ ಕಟ್ಟಿ ಕೊಡುತ್ತಾರೆ. ಆ ಒಂದು ದಿನದ ಮರ್ಯಾದೆಗಾಗಿ ನಾನು ವಾರವಿಡೀ ಕಣ್ಣು ಕಳೆದುಕೊಳ್ಳುತ್ತೇನೆ.

ನನಗೆ ಅನುಮಾನ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಅನುಮಾನ ಇಲ್ಲದವನು ಬೇರೆ ಏನಾದರೂ ಮಾಡಿಕೊಂಡಿರಲಿ, ಕರಡು ತಿದ್ದುವ ಕೆಲಸಕ್ಕೆ ಬರಬಾರದು. ‘ಎರಡು ಮಲಗುವ ಕೋಣ, ಒಂದು ಹಾಲ್’ ಎಂದು ಒಂದು ಜಾಹೀರಾತು ಬಂದಿತ್ತು. ನಾನು ನೋಡದೇ ಇದ್ದಿದ್ದರೆ ಹಾವೇರಿಯ ಆ ಯಜಮಾನರ ಮನೆಯಲ್ಲಿ ಎರಡು ಕೋಣ ಇವತ್ತಿಗೂ ಮಲಗಿರುತ್ತಿದ್ದವು. ಇನ್ನೊಂದರಲ್ಲಿ ಹಕ್ಕುಪತ್ರ ಹೋಗಿ ಹಕ್ಕಿಪತ್ರ ಆಗಿತ್ತು. ಅಕ್ಷರದ ತಪ್ಪು ಹಾಗಿರಲಿ, ಅರ್ಥದಲ್ಲೇ ಮೋಸ ಇರುವುದು ಬೇರೆ. ‘ಬಸ್ ನಿಲ್ದಾಣಕ್ಕೆ ಹತ್ತಿರ’ ಎಂದರೆ ಎರಡು ಕಿಲೋಮೀಟರು. ‘ಶಾಂತ ಪರಿಸರ’ ಎಂದರೆ ಮಗ್ಗುಲಲ್ಲೇ ಸ್ಮಶಾನ. ‘ತುರ್ತಾಗಿ ಮಾರುವುದಿದೆ’ ಎಂದರೆ ಅಣ್ಣತಮ್ಮಂದಿರು ಕೋರ್ಟಿನಲ್ಲಿದ್ದಾರೆ. ಇಷ್ಟನ್ನು ವಾರ ವಾರ ಓದಿದವನಿಗೆ ಮನುಷ್ಯರ ಮೇಲೆ ನಂಬಿಕೆ ಎಲ್ಲಿಂದ ಬರಬೇಕು?

ಎಲ್ಲಕ್ಕಿಂತ ನನ್ನ ತಲೆ ಚಿಟ್ಟು ಹಿಡಿಸುವುದು ಒಂದು ಪದ. ನಮ್ಮ ಸೀಮೆಯವರು ನೀರು ಸೇದುವ ಬಾವಿಯನ್ನು ‘ಭಾವಿ’ ಎಂದೇ ಬರೆಯುತ್ತಾರೆ. ಹೊಲದಲ್ಲಿ ಭಾವಿ ಇದೆ, ಹಿತ್ತಲಲ್ಲಿ ಸಿಹಿನೀರಿನ ಭಾವಿ ಇದೆ. ಬಾಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತದೆ. ಬರೆಯುವಾಗ ಮಾತ್ರ ‘ಬ’ದ ಕೆಳಗೆ ಒಂದು ಗೀಟು ಎಳೆದುಬಿಡುತ್ತಾರೆ, ಅದೇನು ದೊಡ್ಡಸ್ತಿಕೆಯೋ. ಗುತ್ತಲದಲ್ಲಿ ಪ್ರತಿ ವರ್ಷ ಎಂಟನೆಯ ತರಗತಿಗೆ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಬಾವಿ ಎಂದರೆ ನೀರಿನದು, ಭಾವಿ ಎಂದರೆ ಮುಂದೆ ಆಗುವಂಥದ್ದು. ಭಾವಿ ಅಳಿಯ, ಭಾವಿ ಸೊಸೆ. ಮಕ್ಕಳು ತಲೆಯಾಡಿಸುತ್ತಿದ್ದರು, ಪರೀಕ್ಷೆಯಲ್ಲಿ ಮತ್ತೆ ಹೊಲದಲ್ಲಿ ಭಾವಿ ತೋಡುತ್ತಿದ್ದರು. ಪತ್ರಿಕೆಗೆ ಬಂದ ಹೊಸದರಲ್ಲಿ ಭಾವಿಕಟ್ಟಿ ಎಂಬ ಅಡ್ಡಹೆಸರನ್ನು ಬಾವಿಕಟ್ಟಿ ಮಾಡಿ ಆ ಮನೆತನದವರಿಂದ ಬೈಸಿಕೊಂಡೆ. ತಿದ್ದುಪಡಿ ಹಾಕಿ ಎಂದರು. ನಿಮ್ಮ ಅಜ್ಜನೇ ತಪ್ಪು ಬರೆದಿದ್ದಾನೆ ಎಂದು ಹೇಳಿ ಕಳಿಸಿದೆ. ಈ ಎಂಟು ವರ್ಷದಲ್ಲಿ ನಮ್ಮ ಪತ್ರಿಕೆಯಲ್ಲಿ ಒಂದೇ ಒಂದು ತಿದ್ದುಪಡಿ ಅಚ್ಚಾಗಿರಲಿಲ್ಲ. ಆಗಲು ನಾನು ಬಿಟ್ಟಿರಲಿಲ್ಲ.

ಜಾಹೀರಾತುಗಳನ್ನು ಟೈಪ್ ಮಾಡುವವಳು ಸುಶ್ಮಿತಾ. ಬ್ಯಾಡಗಿಯಿಂದ ದಿನಾ ರೈಲಿನಲ್ಲಿ ಬರುತ್ತಾಳೆ. ಚುರುಕು ಹುಡುಗಿ, ಕೊಟ್ಟದ್ದನ್ನು ಕೊಟ್ಟ ಹಾಗೆ ಟೈಪ್ ಮಾಡುತ್ತಾಳೆ, ತನ್ನದೇನೂ ಸೇರಿಸುವುದಿಲ್ಲ. ಅವಳ ತಾಯಿ ಕರೆವ್ವ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹತ್ತಿರ ಒಂದು ದಲಾಲಿ ಅಂಗಡಿಯ ಮೆಟ್ಟಿಲ ಕೆಳಗೆ ರೊಟ್ಟಿ ಮಾಡಿ ಮಾರುತ್ತಾಳೆ. ಸುಗ್ಗಿಯಲ್ಲಿ ಹಮಾಲರು, ಲಾರಿಯವರು, ದೂರದಿಂದ ಕಾಯಿ ತಂದ ರೈತರು ಅವಳ ರೊಟ್ಟಿಗೆ ಸಾಲು ನಿಲ್ಲುತ್ತಾರೆ. ಆ ಅಂಗಡಿಯವನು ಕಟ್ಟಡ ಕೆಡವಿ ಹೊಸದು ಕಟ್ಟುತ್ತೇನೆ, ಯುಗಾದಿಯೊಳಗೆ ಜಾಗ ಖಾಲಿ ಮಾಡು ಎಂದಿದ್ದ. ಹದಿನಾರು ವರ್ಷ ಇನ್ನೊಬ್ಬರ ಮೆಟ್ಟಿಲ ಕೆಳಗೆ ಬಗ್ಗಿ ಕೂತವಳಿಗೆ ಒಂದೇ ಆಸೆ. ತನ್ನದೇ ಒಂದು ಜಾಗ, ಅದರಲ್ಲಿ ತಗಡು ಹೊದಿಸಿದ ಖಾನಾವಳಿ, ನೆಟ್ಟಗೆ ನಿಂತು ಓಡಾಡುವಷ್ಟು ಎತ್ತರದ್ದು.

ಮಾಘ ಮಾಸದ ಒಂದು ಸೋಮವಾರ ಸುಶ್ಮಿತಾ ನಮ್ಮದೇ ಪತ್ರಿಕೆಯ ಐದನೆಯ ಪುಟ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

“ಸರ್, ಇದನ್ನ ನಮ್ಮವ್ವಗ ಓದಿ ಹೇಳಿದೆ. ಪ್ಯಾಟಿಯಿಂದ ನಡಕೊಂಡು ಹೋಗೂ ಅಷ್ಟ ದೂರ ಐತಿ. ನಮ್ಮ ಕೈಗೆ ಸಿಗೂವಂಥ ದರ. ನೀವು ಒಂದ್ ಸಲ ಬಂದು ನೋಡ್ತೀರೇನು ಅಂತ ಕೇಳಾಕತ್ತಾಳ. ಮಾಸ್ತರಿಗೆ ಓದಾಕ ಬರತೈತಿ, ಅವರ ಕಣ್ಣಿಗೆ ಮೋಸ ಕಾಣತೈತಿ ಅಂತಾಳ.”

ಹೊಗಳಿಕೆ ಯಾರಿಗೆ ಬೇಡ? ಕನ್ನಡಕ ಏರಿಸಿಕೊಂಡು ಓದಿದೆ. ‘ಬ್ಯಾಡಗಿ: ಕದರಮಂಡಲಗಿ ರಸ್ತೆಯ ಬಡಾವಣೆಯಲ್ಲಿ 30x40 ನಿವೇಶನ ಮಾರುವುದಿದೆ. ಚೆಕ್ಕುಬಂದಿ: ಪೂರ್ವಕ್ಕೆ ಬಾವಿ ರಸ್ತೆ, ಪಶ್ಚಿಮಕ್ಕೆ ಖಾಸಗಿ ಮನೆ, ಉತ್ತರಕ್ಕೆ ಖಾಲಿ ನಿವೇಶನ, ದಕ್ಷಿಣಕ್ಕೆ ಒಳರಸ್ತೆ. ದರ ಕಡಿಮೆ. ಮಾಲೀಕರು: ಬೀರಲಿಂಗಪ್ಪ.’ ವಾರಕ್ಕೆ ನೂರಾರು ಓದುವ ನನಗೆ ಇದನ್ನು ತಿದ್ದಿದ್ದು ನೆನಪಿರಲಿಲ್ಲ. ಅಕ್ಷರ ಎಲ್ಲ ಸರಿಯಾಗಿತ್ತು. ನನ್ನ ಕಣ್ಣು ನಿಂತದ್ದು ‘ದರ ಕಡಿಮೆ’ ಎಂಬ ಎರಡು ಪದದ ಮೇಲೆ.

“ದರ ಕಡಿಮೆ ಅಂತ ತಾನ ಹೇಳಾಕತ್ತಾನ ಅಂದ್ರ ಏನೋ ಐತಿ ತಂಗಿ. ನಾ ಬರ್ತೀನಿ ತಡಿ,” ಎಂದೆ.

ಬುಧವಾರ ಹೋದೆವು. ಕರೆವ್ವ ಹೊಸ ಸೀರೆ ಉಟ್ಟು ಬಂದಿದ್ದಳು. ಜಾಗ ನೋಡಲು ಅಲ್ಲ, ಹೆಣ್ಣು ನೋಡಲು ಹೊರಟ ಹಾಗೆ ಮುಖದಲ್ಲಿ ಒಂದು ಕಳೆ ಇತ್ತು. ನನಗೆ ಅದನ್ನು ನೋಡಿ ಇನ್ನೂ ಹೆಚ್ಚು ಭಯವಾಯಿತು. ಇಂಥ ಮುಖ ಕಂಡರೆ ಮಾರುವವರು ಬಿಡುವುದಿಲ್ಲ.

ಪ್ಲಾಟಿನ ಅಂಚು ನೇರವಾಗಿತ್ತು, ನೆಲ ಸಮವಾಗಿತ್ತು. ದಕ್ಷಿಣಕ್ಕೆ ಮಣ್ಣಿನ ಒಳರಸ್ತೆ, ಪಶ್ಚಿಮಕ್ಕೆ ಒಂದು ಮನೆ. ಪೂರ್ವದಲ್ಲಿ ಜಾಲಿ ಗಿಡಗಳು, ಅವುಗಳ ನಡುವೆ ಎರಡು ಕಡೆ ಗರಸು ಮಣ್ಣಿನ ಗುಡ್ಡೆ, ಅಲ್ಲಲ್ಲಿ ಸುಣ್ಣ ಬಳಿದ ಕಲ್ಲು. ರಸ್ತೆಯ ಸುಳಿವೇ ಇರಲಿಲ್ಲ. ಬಾವಿಯಂತೂ ಇರಲೇ ಇಲ್ಲ. ಬೀರಲಿಂಗಪ್ಪ ನಮಗಾಗಿ ಕಾಯುತ್ತಿದ್ದ. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವನು. ಹಾವೇರಿಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಅದಕ್ಕಾಗಿ ಇದನ್ನು ಕೊಡುತ್ತಿದ್ದೇನೆ ಎಂದ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

“ಮೂಡಲಕ್ಕ ಬಾವಿ ರಸ್ತೆ ಅಂತ ಐತಲ್ರಿ, ಎಲ್ಲೈತಿ ಅದು?” ಎಂದು ಕೇಳಿದೆ.

“ಇದ ನೋಡ್ರಿ.” ಜಾಲಿಯ ಕಡೆ ಕೈ ಮಾಡಿದ.

“ಇಲ್ಲಿ ರಸ್ತೆ ಎಲ್ಲೈತ್ರಿ?”

“ಈಗ ಎಲ್ಲಿಂದ ಬರಬೇಕ್ರಿ? ಬಾವಿ ರಸ್ತೆ ಅಂತ ನಾ ಬರದ ಕೊಟ್ಟೇನಲ್ಲ.”

“ಹಂಗಾರ ಬಾವಿ ತೋರಸ್ರಿ.”

ಅವನು ನನ್ನ ಮುಖ ನೋಡಿದ. ಆಮೇಲೆ ನಕ್ಕ. “ಬಾವಿ ಅಂದಮ್ಯಾಲೆ ಹೆಂಗ ತೋರಸೂದ್ರಿ ಸಾಹೇಬ್ರ? ಕಣ್ಣಿಗೆ ಕಾಣೂವಂಥದ್ದಲ್ಲ ಅದು.”

ಆ ನಗು ನನ್ನ ಮೈಗೆ ಚುಚ್ಚಿತು. ಗರಸು ಮಣ್ಣಿನ ಗುಡ್ಡೆ ತೋರಿಸಿ, “ಮತ್ತ ಈ ಮಣ್ಣು ಯಾರು ಹಾಕ್ಯಾರ?” ಎಂದೆ.

“ಪುರಸಭೆಯವ್ರು. ಹ್ವಾದ ವರ್ಷ ಹಾಕಿ ಹೋದ್ರು, ಆಮ್ಯಾಲೆ ಇತ್ಲಾಗ ಬಂದಿಲ್ಲ.”

“ಈ ಕಲ್ಲು?”

“ಗುರ್ತಿಗೆ. ಈ ಕಡೆ ಐದು ಅಡಿ ಬಿಡಬೇಕಾಗತೈತಿ. ಅದರ ಸಲುವಾಗಿನ ದರ ಕಡಿಮಿ ಹಚ್ಚೇನ್ರಿ. ಮುಚ್ಚಿಡೂದು ಏನೈತಿ?”

ಕಣ್ಣಿಗೆ ಕಾಣದ ಬಾವಿ, ಮೇಲೆ ಪುರಸಭೆಯವರು ಸುರಿದ ಮಣ್ಣು, ಗುರುತಿಗೆ ಕಲ್ಲು, ಐದು ಅಡಿ ದೂರ ಇರಬೇಕು ಎಂಬ ಮಾತು. ಇನ್ನೇನು ಬೇಕು? ಯಾವುದೋ ಹಾಳು ಬಾವಿಯನ್ನು ಮುಚ್ಚಿ ಅದರ ಮಗ್ಗುಲಿನ ಜಾಗವನ್ನು ಈ ಮುದುಕ ರೊಟ್ಟಿ ತಟ್ಟುವ ಹೆಂಗಸಿನ ತಲೆಗೆ ಕಟ್ಟುತ್ತಿದ್ದಾನೆ. ಒಂದು ಮಳೆಗಾಲ ಸಾಕು, ಮಣ್ಣು ಕುಸಿದು ಒಲೆ ಸಮೇತ ಖಾನಾವಳಿ ಒಳಗೆ ಹೋಗುತ್ತದೆ. ಸಿಟ್ಟೂ ಇತ್ತು, ಹಿಡಿದುಬಿಟ್ಟೆ ಎಂಬ ಖುಷಿಯೂ ಇತ್ತು. ಸುಳ್ಳು ಯಾಕೆ ಹೇಳಲಿ, ಖುಷಿಯೇ ಒಂದು ತೂಕ ಹೆಚ್ಚಿತ್ತು.

“ಕಾಗದ ಪತ್ರ ತೋರಸ್ರಿ,” ಎಂದೆ.

“ಹಾವೇರಿ ವಕೀಲರ ಹಂತೇಕ ಅದಾವ್ರಿ. ಶುಕ್ರವಾರ ತರ್ತೀನಿ. ನಕ್ಷಾನೂ ತರ್ತೀನಿ, ಅದರಾಗ ಎಲ್ಲಾ ಐತಿ.”

ಕಾಗದ ಬೇರೆ ಊರಿನಲ್ಲಿ! ನಾನು ಕರೆವ್ವನ ಕಡೆ ನೋಡಿದೆ. ಅವಳು ನಮ್ಮ ಮಾತು ಕೇಳುತ್ತಲೇ ಇರಲಿಲ್ಲ. ಪ್ಲಾಟಿನ ಒಂದು ಮೂಲೆಯಲ್ಲಿ ನಿಂತು ಕೈ ಚಾಚಿ, ಒಲೆ ಇಲ್ಲಿ, ನೀರಿನ ಡ್ರಮ್ಮು ಅಲ್ಲಿ ಎಂದು ಮಗಳಿಗೆ ತೋರಿಸುತ್ತಿದ್ದಳು.

ವಾಪಸು ಬರುವಾಗ ಒಳರಸ್ತೆಯ ಕೊನೆಗೆ ಒಂದು ಚಹಾದಂಗಡಿ ಸಿಕ್ಕಿತು. ತಾಯಿ ಮಗಳನ್ನು ಮುಂದೆ ನಡೆಯಲು ಹೇಳಿ ನಾನು ವಿಚಾರಣೆಗೆ ಇಳಿದೆ. ಅಲ್ಲಿ ಬೈಕಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಒಬ್ಬ ತಾನೇ ಮಾತಿಗೆ ಬಂದ. ಹೆಸರು ಯುವರಾಜ, ಪ್ಲಾಟು ಕೊಡಿಸುವುದು ಅವನ ಉದ್ಯೋಗ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನಯವಾದ ಮಾತು.

“ಇಲ್ಲಿ ಮೂಡಲಕ್ಕ ಒಂದು ಬಾವಿ ಇತ್ತೇನ್ರಿ?” ಎಂದು ಕೇಳಿದೆ.

“ಬಾವಿ? ಯಾವ ಬಾವಿ ರಿ?”

ನಾನು ಪತ್ರಿಕೆ ಬಿಚ್ಚಿ ಬೆರಳಿಟ್ಟು ತೋರಿಸಿದೆ. ಅವನು ಓದಿದ. ಇನ್ನೊಂದು ಸಲ ಓದಿದ. ಜಾಲಿಗಿಡಗಳ ಕಡೆ ನೋಡಿದ. ಚಹಾದ ಲೋಟ ಕೆಳಗಿಟ್ಟು ದನಿ ತಗ್ಗಿಸಿದ.

“ಓ, ಆ ಬಾವಿ ಏನ್ರಿ? ಇತ್ತಲ್ಲ! ಭಾಳ ಹಳೇದು. ಮುಚ್ಚ್ಯಾರ ಈಗ. ನಾ ಹೇಳ್ದೆ ಅಂತ ಯಾರಿಗೂ ಅನಬ್ಯಾಡ್ರಿ ಸರ, ಮುದುಕ ಪಾಪ ಮಾರಾಕತ್ತಾನ, ಅವನ ಹೊಟ್ಟಿ ಮ್ಯಾಲೆ ನಾ ಯಾಕ ಹೊಡೀಲಿ?”

ಎಷ್ಟು ಒಳ್ಳೆಯ ಹುಡುಗ ಎಂದುಕೊಂಡೆ. ಇಪ್ಪತ್ತೊಂಬತ್ತು ವರ್ಷ ಕಳ್ಳ ಮಕ್ಕಳ ಮುಖ ಓದಿದವನು, ಎಂಟು ವರ್ಷ ದಲಾಲರ ಭಾಷೆ ಓದಿದವನು, ಅವನ ಮಾತನ್ನು ಮಾತ್ರ ಒಂದೇ ಸಲಕ್ಕೆ ನಂಬಿದೆ. ನನ್ನ ಮನಸ್ಸಿನಲ್ಲಿ ಇದ್ದದ್ದನ್ನೇ ಅವನು ಹೇಳಿದ್ದ. ಅಂಥ ಮಾತನ್ನು ಯಾರು ತಿರುಗಿಸಿ ನೋಡುತ್ತಾರೆ?

ಮೆಟ್ಟಿಲ ಕೆಳಗೆ ಕೂತು ಕರೆವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳ ಮುಖದ ಕಳೆ ಇಳಿಯಿತು. ಹಿಟ್ಟಿನ ಪರಾತವನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಶುಕ್ರವಾರ ತನಕ ನಿಂದ್ರೂಣೇನ್ರಿ ಮಾಸ್ತರ್ರ? ನಕ್ಷಾ ತರ್ತೀನಿ ಅಂದಾರಲ್ಲ ಅವ್ರು.”

“ಏನ್ ನಕ್ಷಾ? ಬಾವಿ ಮುಚ್ಚಿದವಗ ನಕ್ಷಾ ಬರಿಯೂದು ದೊಡ್ಡದೇನು? ಕರೆವ್ವ, ಇದು ಬ್ಯಾಡ. ನಾ ಹೇಳಾಕತ್ತೇನಿ, ಬ್ಯಾಡ.”

ಅವಳು ತಲೆಯಾಡಿಸಿದಳು. ಸುಶ್ಮಿತಾ ಬೀರಲಿಂಗಪ್ಪನಿಗೆ ಫೋನು ಮಾಡಿ ನಮಗೆ ಬೇಡ ಎಂದಳು. ಕಾರಣ ಕೇಳಿದನಂತೆ. ಬಾವಿಯ ಸಲುವಾಗಿ ಎಂದಳಂತೆ. ಆಯಿತು ಬಿಡವ್ವ, ಅದು ನಿಮ್ಮ ಇಷ್ಟ ಎಂದನಂತೆ. ಮೆಟ್ಟಿಲ ಹತ್ತಿರ ರೊಟ್ಟಿ ತಿನ್ನುತ್ತಿದ್ದ ನಾಲ್ಕೈದು ಹಮಾಲರು ನನ್ನ ಮಾತು ಕೇಳಿಸಿಕೊಂಡಿದ್ದರು. ಕೇಳಿಸಿಕೊಳ್ಳಲಿ ಎಂದೇ ನಾನು ಸ್ವಲ್ಪ ಜೋರಾಗಿ ಹೇಳಿದ್ದೆ. ಇನ್ನೊಬ್ಬರು ಮೋಸ ಹೋಗಬಾರದಲ್ಲ.

ಎರಡು ವಾರ ನಾನು ಎದೆ ಮುಂದೆ ಮಾಡಿಕೊಂಡೇ ಓಡಾಡಿದೆ. ಪತ್ರಿಕೆಯ ಮಾಲೀಕ ಪ್ರೇಮಕುಮಾರನಿಗೂ ಹೇಳಿದೆ, ಮನೆಯಲ್ಲೂ ಹೇಳಿದೆ. ಸುಶ್ಮಿತಾ ಬೇರೆ ಜಾಹೀರಾತುಗಳನ್ನು ಟೈಪ್ ಮಾಡುತ್ತ ಬ್ಯಾಡಗಿಯದು ಬಂದರೆ ಸ್ವಲ್ಪ ತಡೆದು ಓದುತ್ತಿದ್ದಳು. ಯಾವುದೂ ಅವರ ಕೈಗೆ ಎಟುಕುವಂತಿರಲಿಲ್ಲ.

ಮೂರನೆಯ ಗುರುವಾರ ಮಧ್ಯಾಹ್ನ ಬೀರಲಿಂಗಪ್ಪ ನಮ್ಮ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಜಗಳಕ್ಕೆ ಬಂದ ಎಂದು ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅವನು ಜಗಳ ಆಡಲಿಲ್ಲ. ನನ್ನ ಗುರುತು ಹಿಡಿದು ನಮಸ್ಕಾರ ಮಾಡಿದ. ಚೀಲದಿಂದ ನಮ್ಮ ಪತ್ರಿಕೆ ತೆಗೆದು ಮೇಜಿನ ಮೇಲೆ ಇಟ್ಟ. ಅದರ ಪಕ್ಕಕ್ಕೆ ಒಂದು ಹಾಳೆ ಇಟ್ಟ, ತಾನು ಬರೆದು ಕೊಟ್ಟ ಜಾಹೀರಾತಿನ ನಕಲು.

“ಸಾಹೇಬ್ರ, ಮಂದಿ ಎಲ್ಲಾ ನನ್ನ ಜಾಗಕ್ಕ ಬಾವಿ ಪ್ಲಾಟು ಅನ್ನಾಕತ್ತಾರ. ಯಾಕ ಅಂತ ನನಗ ತಿಳೀಲಿಲ್ಲ. ಮೊನ್ನೆ ನಿಮ್ಮ ಪೇಪರ್ ಸರಿಯಾಗಿ ನೋಡಿದೆ. ನಾ ಬರದದ್ದು ಒಂದು, ಇಲ್ಲಿ ಬಂದದ್ದು ಒಂದು ಐತಿ. ನೋಡ್ರಿ.”

ನೋಡಿದೆ. ನೀಲಿ ಶಾಯಿ, ಮಣಿ ಪೋಣಿಸಿದಂಥ ಅಕ್ಷರ. ‘ಪೂರ್ವಕ್ಕೆ ಭಾವಿ ರಸ್ತೆ.’ ಭ ಅಕ್ಷರದ ಕೆಳಗಿನ ಗೀಟನ್ನು ಎಲ್ಲಿಯೂ ಅನುಮಾನಕ್ಕೆ ಎಡೆ ಇಲ್ಲದ ಹಾಗೆ ಎಳೆದಿದ್ದ.

“ನಾ ಸರ್ವೇ ಖಾತೆಯೊಳಗ ಇದ್ದೆ ರಿ. ಮುಂದ ಆಗೂ ರಸ್ತೆಗೆ ನಕ್ಷಾದ ಮ್ಯಾಲೆ ಚುಕ್ಕಿ ಗೀಟು ಎಳದು ಭಾವಿ ರಸ್ತೆ ಅಂತ ಬರೀತಿದ್ವಿ. ಪ್ಯಾಟಿಯಿಂದ ಕದರಮಂಡಲಗಿ ರಸ್ತೆಗೆ ಅರವತ್ತು ಅಡಿ ರಸ್ತೆ ಬರೂದೈತಿ ಅಲ್ಲಿ. ಮೆಣಸಿನಕಾಯಿ ಲಾರಿ ಎಲ್ಲಾ ಅದರ ಮ್ಯಾಲೇ ಓಡಾಡತಾವು. ನನ್ನ ಪ್ಲಾಟಿನಾಗ ಐದು ಅಡಿ ಅದಕ್ಕ ಹೋಗತೈತಿ, ತೊಗೊಳ್ಳೋರಿಗೆ ಮೊದಲ ಗೊತ್ತಿರಲಿ ಅಂತ ಬರದೆ. ನಾ ಕಲ್ತದ್ದು ಕಡಿಮಿ ರಿ. ತಪ್ಪು ಬಿದ್ದೀತು ಅಂತ ಎರಡು ಸಲ ನೋಡಿ ಕೊಟ್ಟಿದ್ದೆ.”

ಪ್ರತಿ ವಾರದ ಕರಡುಗಳನ್ನು ನಾವು ಗೋಡೆಯ ಮೊಳೆಗೆ ಚುಚ್ಚಿ ಇಡುತ್ತೇವೆ. ನಾನು ಎದ್ದು ಹೋಗಿ ಹುಡುಕಿದೆ. ಅವಸರಕ್ಕೆ ಎರಡು ಹಾಳೆ ಹರಿದವು. ಸಿಕ್ಕಿತು. ಟೈಪಾದದ್ದು ‘ಭಾವಿ ರಸ್ತೆ’ ಎಂದು. ಅದರ ಮೇಲೆ ಕೆಂಪು ಪೆನ್ನಿನ ಗೀಟು, ಪಕ್ಕದಲ್ಲಿ ‘ಬಾ’. ನನ್ನದೇ ಕೈಬರಹ. ಸಿಟ್ಟಿನಲ್ಲಿ ಎಳೆದದ್ದಕ್ಕೆ ಹಾಳೆ ಸ್ವಲ್ಪ ತೂತಾಗಿತ್ತು. ಎಂಟು ವರ್ಷದಲ್ಲಿ ಆ ಪದವನ್ನು ಸರಿಯಾಗಿ ಬರೆದವನು ಒಬ್ಬನೇ ಒಬ್ಬ ಬಂದಿದ್ದ. ನಾನು ಅವನನ್ನೂ ತಿದ್ದಿದ್ದೆ.

ಪ್ರಪಂಚದ ಎಲ್ಲರನ್ನೂ ಅನುಮಾನಿಸಿದೆ. ಮುದುಕನ ನಗುವನ್ನು, ಮಣ್ಣನ್ನು, ಕಲ್ಲನ್ನು, ಹಾವೇರಿಯ ವಕೀಲನನ್ನು. ನನ್ನ ಕೆಂಪು ಪೆನ್ನನ್ನು ಒಂದು ಕ್ಷಣ ಅನುಮಾನಿಸಲಿಲ್ಲ.

“ಬೀರಲಿಂಗಪ್ಪನವರ, ತಪ್ಪು ನಂದು,” ಎಂದೆ. ಆ ಮಾತು ಬಾಯಿಂದ ಹೊರಡಲು ಎಷ್ಟು ಹೊತ್ತು ಹಿಡಿಯಿತೋ. “ಆ ಹೆಣ್ಣುಮಗಳನ್ನ ಈಗ ಕರಸ್ತೀನಿ. ಆಕಿ ತೊಗೊಂತಾಳ. ಆಕಿಗೆ ಬೇಕಾದದ್ದ ರಸ್ತೆ.”

ಅವನು ತಲೆ ಅಲ್ಲಾಡಿಸಿದ.

“ನಿನ್ನೆ ಖರೀದಿ ಹಾಕಿ ಕೊಟ್ಟೆ ರಿ. ಬ್ಯಾರೆ ಯಾರೂ ಹೊಳ್ಳಿ ನೋಡಲಿಲ್ಲ. ಯುವರಾಜ ಅಂತ ಒಬ್ಬಾವ, ಬಾವಿ ಪ್ಲಾಟು ಯಾರು ತೊಗೊಂತಾರ ಅಜ್ಜ, ನಾ ಆದ್ರೂ ತೊಗೊಂತೀನಿ ಅಂದ. ನಾ ಹೇಳಿದ್ದಕ್ಕಿಂತ ಕಡಿಮಿಗೆ ಕೇಳಿದ. ಕೊಟ್ಟೆ. ಆದ್ರ ಬಾವಿ ಅನ್ನೂ ಹೆಸರು ಮೈಗೆ ಹತ್ತೇತಲ್ರಿ. ಒಂದ್ ಗೇಣು ಜಾಗ ಮಾರಾಕ ಊ‌ರಿಗೆ ಸುಳ್ಳು ಹೇಳ್ದ ಅಂತಾರ. ನಲವತ್ತು ವರ್ಷ ಇನ್ನೊಬ್ಬರ ಗಡಿ ಅಳದಾವ ನಾನು. ಅಷ್ಟು ಸರಿ ಮಾಡಿ ಕೊಡ್ರಿ.”

ಹಿಂದೆ ಕೀಲಿಮಣೆಯ ಸದ್ದು ನಿಂತಿತ್ತು. ತಿರುಗಿದೆ. ಸುಶ್ಮಿತಾ ನನ್ನನ್ನೇ ನೋಡುತ್ತಿದ್ದಳು.

“ನಾ ಭಾವಿ ಅಂತನ ಟೈಪ್ ಮಾಡಿದ್ದೆ, ಸರ್,” ಎಂದಳು. ಅಷ್ಟೇ. ಅವಳು ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಪ್ರೇಮಕುಮಾರನ ಮುಂದೆ ತಿದ್ದುಪಡಿಯ ಹಾಳೆ ಇಟ್ಟೆ. ಅವನು ಓದಿ ಮೂಗು ಮುರಿದ.

“ಇದನ್ನ ಹಾಕಿದ್ರ ಮುಂದಿನ ವಾರ ಯಾರು ಜಾಹೀರಾತು ಕೊಡ್ತಾರ್ರಿ ಸರ್? ಹೋಗ್ಲಿ ಬಿಡ್ರಿ, ಒಂದು ಗೀಟಿಂದು ಏನ್ ದೊಡ್ಡದು?”

“ಮೊದಲನೇ ಪುಟದಾಗ ಹಾಕ್ರಿ. ಚೌಕದಾಗ. ಇಲ್ಲಾಂದ್ರ ನಾ ನಾಳೆಯಿಂದ ಬರಂಗಿಲ್ಲ.”

ಹಾಕಿದ. ಅದನ್ನು ನಾನೇ ಟೈಪ್ ಮಾಡಿಸಿ, ನಾನೇ ಐದು ಸಲ ಓದಿ, ಸುಶ್ಮಿತಾಳಿಂದಲೂ ಓದಿಸಿ ಅಚ್ಚಿಗೆ ಕೊಟ್ಟೆ. ‘ತಿದ್ದುಪಡಿ: ಬ್ಯಾಡಗಿ ಬೀರಲಿಂಗಪ್ಪನವರ ನಿವೇಶನದ ಜಾಹೀರಾತಿನಲ್ಲಿ “ಬಾವಿ ರಸ್ತೆ” ಎಂದಿರುವುದನ್ನು “ಭಾವಿ ರಸ್ತೆ” ಎಂದು ಓದಿಕೊಳ್ಳಬೇಕಾಗಿ ವಿನಂತಿ. ತಪ್ಪು ಪತ್ರಿಕೆಯದು.’ ಅಕ್ಷರ ತಪ್ಪಿಲ್ಲ, ಚಿಹ್ನೆ ತಪ್ಪಿಲ್ಲ. ಕರೆವ್ವನಿಗೆ ಹೇಳಿದೆಯಾ ಎಂದು ಸುಶ್ಮಿತಾಳನ್ನು ಕೇಳಿದೆ. “ನೀವ ಹೇಳ್ರಿ ಸರ್. ನನ್ನ ಬಾಯಿಂದ ಆಗೂದಿಲ್ಲ,” ಎಂದಳು.

ಸೋಮವಾರ ಬ್ಯಾಡಗಿಗೆ ಹೋದೆ. ಪೇಟೆಯ ಗಾಳಿಗೆ ಮೂರು ಸಲ ಸೀನಿದೆ. ಮೆಟ್ಟಿಲ ಕೆಳಗೆ ಕರೆವ್ವ ರೊಟ್ಟಿ ತಟ್ಟುತ್ತಿದ್ದಳು, ಸುತ್ತ ಹಮಾಲರು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರಲ್ಲೊಬ್ಬ ನಮ್ಮ ಪತ್ರಿಕೆ ಬಿಚ್ಚಿ ಜೋರಾಗಿ ಓದುತ್ತಿದ್ದ.

“ಬಾವಿ ರಸ್ತೆ ಎಂದಿರುವುದನ್ನು ಬಾವಿ ರಸ್ತೆ ಎಂದು ಓದಿಕೊಳ್ಳಬೇಕಾಗಿ ವಿನಂತಿ.” ನಿಲ್ಲಿಸಿದ. “ಏನಿದು? ಮೊದಲೂ ಬಾವಿ, ಈಗೂ ಬಾವಿ.”

“ಅಕ್ಷರ ಸರಿ ಮಾಡ್ಯಾರ ತಗೋ,” ಎಂದ ಇನ್ನೊಬ್ಬ. “ನಮ್ಮ ಹೊಲದ ಉತಾರದ ಕಾಗದದಾಗೂ ಹಿಂಗ ಐತಿ, ಕೆಳಗ ಗೀಟು ಹಾಕಿ. ಅಂದ್ರ ಅಲ್ಲಿ ಬಾವಿ ಇದ್ದದ್ದು ಖಾತ್ರಿ ಆತು. ಪೇಪರಿನಾಗ ಎರಡೆರಡು ಸಲ ಬಂತಲ್ಲ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದು ಯಾರ ತಲೆಗೂ ಹತ್ತಿಲ್ಲ ಎಂದು ಗೊತ್ತಿದ್ದೂ, ಬೀರಲಿಂಗಪ್ಪನ ಮರ್ಯಾದೆಯನ್ನು ಮತ್ತೆ ಅದೇ ಗೀಟಿನ ಮೇಲೆ ನಿಲ್ಲಿಸಿದ್ದೆ.

“ಅದು ಬಾವಿ ಅಲ್ಲ,” ಎಂದೆ. ದನಿ ಏರಿತು. “ಅಲ್ಲಿ ಬಾವಿ ಯಾವತ್ತೂ ಇದ್ದಿಲ್ಲ. ಮುಂದ ಆಗೂ ರಸ್ತೆ ಅಂತ ಅದರ ಅರ್ಥ. ಅರವತ್ತು ಅಡಿ ರಸ್ತೆ. ಬೀರಲಿಂಗಪ್ಪನವ್ರು ಖರೇ ಬರದು ಕೊಟ್ಟಿದ್ರು. ಕೆಡಿಸಿದಾವ ನಾನು. ತಪ್ಪು ನಂದು. ಎಲ್ಲಾರಿಗೂ ಹೇಳ್ರಿ, ತಪ್ಪು ನಂದು.”

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕರೆವ್ವ ತಟ್ಟುವುದನ್ನು ನಿಲ್ಲಿಸಿದಳು. ಅವಳ ಎರಡೂ ಕೈ ಹಿಟ್ಟಾಗಿತ್ತು.

“ಮುಂದ ಆಗೂ ರಸ್ತೆ ಅಂದ್ರ, ನನ್ನ ಒಲಿ ಮುಂದಿಂದನ ಲಾರಿ ಹೋಗತಿದ್ವೇನ್ರಿ?”

“ಹೌದು.”

“ಜಾಗ ಐತೇನು ಇನ್ನೂ?”

“ಇಲ್ಲ. ಹ್ವಾದ ಬುಧವಾರ ಖರೀದಿ ಆಗೇತಿ.”

ತವೆಯ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಅವಳು ಅದನ್ನು ತೆಗೆದು ಬದಿಗಿಟ್ಟಳು. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತಿದ್ದೆ. ಬೈಯಲಿಲ್ಲ. ನನಗೆ ಕೂತುಕೊಳ್ಳಲು ಹೇಳಿ, ನೀರಿನ ತಂಬಿಗೆ ಮುಂದೆ ಸರಿಸಿ, ನಿಧಾನವಾಗಿ ಹೇಳಿದಳು.

“ನನಗ ಓದಾಕ ಬರೂದಿಲ್ಲ ಅಂತ ನಿಮ್ಮನ್ನ ಕರಕೊಂಡು ಹೋದೆ ಮಾಸ್ತರ್ರ. ನಾ ಒಬ್ಬಾಕಿನ ಹೋಗಿದ್ರ, ಬಾವಿ ರಸ್ತೆ ಅಂದ್ರ ಏನ್ರಿ ಅಜ್ಜಾರ ಅಂತ ಅವರನ್ನ ಕೇಳತಿದ್ದೆ.”

ಮತ್ತೊಂದು ಉಂಡೆ ತೆಗೆದುಕೊಂಡು ತಟ್ಟತೊಡಗಿದಳು. ಯುಗಾದಿಗೆ ಇನ್ನು ಹತ್ತೊಂಬತ್ತು ದಿನ ಇತ್ತು.